ಅದು ನನ್ನ ಕೈತಪ್ಪೇ ಇರಬೇಕು

ಜೂನ್ ೧೨

ತಮ್ಮಾ,

ನಿನ್ನ ಗುಡ್ಡದ ತುದಿಯಲ್ಲಿ ಫೋನು ಹತ್ತುವುದಿಲ್ಲ ಎನ್ನುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀನು ನಕ್ಕುಬಿಡುತ್ತಿದ್ದೆ, ನಾನು ಅರ್ಧಕ್ಕೇ ಇಟ್ಟುಬಿಡುತ್ತಿದ್ದೆ. ಕಾಗದ ಓದಿ ನೀನು ಎಷ್ಟು ನಕ್ಕರೂ ನನಗೆ ಕೇಳುವುದಿಲ್ಲ. ನಿಮ್ಮಲ್ಲಿಗೆ ಹದಿನೈದು ದಿನಕ್ಕೊಮ್ಮೆ ಸಾಮಾನು ಹೊತ್ತು ಬರುವ ಜೀಪಿನಲ್ಲಿ ಇದೂ ಬಂದು ಸೇರಲಿ.

ಕಾಲೇಜು ಸೇರಿಬಿಟ್ಟೆ. ಹೌದು, ನಿಜವಾಗಿ. ಕ್ಲಿನಿಕ್ಕಿನ ಕೌಂಟರಿನ ಕೆಲಸ ಬಿಟ್ಟು, ಈ ಐವತ್ತನೇ ವಯಸ್ಸಿನಲ್ಲಿ, ಹೆಗಲಿಗೆ ಚೀಲ ತಗಲಿಸಿಕೊಂಡು ಹಾಸ್ಟೆಲ್ಲಿಗೆ ಬಂದೆ. ಅಮ್ಮ ತೀರಿಕೊಂಡಾಗ ಒಂದೇ ವರ್ಷ ಓದಿ ಬಿಟ್ಟಿದ್ದೆನಲ್ಲ, ಆಗ ನಿನಗಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನೀನೀಗ ಹವಾಮಾನ ಕೇಂದ್ರಕ್ಕೆ ಅಡುಗೆ ಮಾಡಿ ಹಾಕುವಷ್ಟು ದೊಡ್ಡವನಾದೆ. ಇನ್ನು ನನ್ನ ಸರದಿ ಎಂದುಕೊಂಡೆ.

ಗೇಟಿನ ಕಾವಲುಗಾರ ಮೊದಲ ದಿನ ತಡೆದ. “ಯಾರ ಅಮ್ಮ ನೀವು?”

“ಯಾರ ಅಮ್ಮನೂ ಅಲ್ಲಪ್ಪ. ಎರಡನೇ ಬೆಂಚಿನವಳು.”

ಪಾಪ, ಎದ್ದು ನಿಂತು ಗೇಟು ಪೂರ್ತಿ ತೆಗೆದ. ಅರ್ಧ ತೆಗೆದಿದ್ದರೂ ಸಾಕಿತ್ತು, ನಾನೇನು ಲಾರಿಯಲ್ಲ.

ಏನು ಓದುತ್ತೀ ಎಂದು ಕೇಳುತ್ತೀಯ. ಟೆಸ್ಟಿಂಗ್ ಅಂತ. ಬೇರೆಯವರು ಬರೆದ ಕಂಪ್ಯೂಟರ್ ಪ್ರೋಗ್ರಾಮನ್ನು ಜನರ ಕೈಗೆ ಕೊಡುವ ಮೊದಲು ಅದರಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ಹುಡುಕಿ ಬರೆದುಕೊಡುವುದು. ಕ್ಲಿನಿಕ್ಕಿಗೆ ಕಂಪ್ಯೂಟರ್ ಬಂದ ದಿನದಿಂದ ನನ್ನ ತಲೆಯಲ್ಲಿ ಒಂದೇ ಹುಳ: ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತದಲ್ಲ, ಆಗ ಒಳಗೆ ಏನು ನಡೆಯುತ್ತಿರುತ್ತದೆ? ರಿಪೇರಿಗೆ ಬಂದವನನ್ನು ಕೇಳಿದರೆ, “ಅದು ಯೋಚನೆ ಮಾಡ್ತಿದೆ ಅಮ್ಮ” ಎಂದು ಹೇಳಿ ಹೋಗಿಬಿಡುತ್ತಿದ್ದ. ಏನು ಯೋಚನೆ ಎಂದು ಹೇಳಲಿಲ್ಲ ಪುಣ್ಯಾತ್ಮ.

ಒಂದು ವಿಷಯ ಮಾತ್ರ ಮುಚ್ಚಿಡದೆ ಹೇಳುತ್ತೇನೆ. ಆಗಸ್ಟಿನಲ್ಲಿ ಲ್ಯಾಬ್ ಪರೀಕ್ಷೆ. ಪಾಸಾದವರಿಗೆ ಒಂದು ಕಂಪನಿಯಲ್ಲಿ ಕೆಲಸ ಕಲಿಯುವ ಜಾಗ, ಆಮೇಲೆ ಅಲ್ಲೇ ನೌಕರಿ. ಫೇಲಾದರೆ ಇನ್ನೊಂದೇ ಅವಕಾಶ. ಅದೂ ಹೋದರೆ ಮನೆಗೆ. ನನ್ನ ಕೌಂಟರಿನಲ್ಲಿ ಆಗಲೇ ಬೇರೆ ಹುಡುಗಿ ಕೂತಾಗಿದೆ. ಹಿಂದಕ್ಕೆ ಹೋಗಲು ದಾರಿ ಇಟ್ಟುಕೊಂಡಿಲ್ಲ. ದೇವರ ಮೇಲೆ ಭಾರ ಹಾಕಿದ್ದೇನೆ, ಅವನಿಗೆ ಹೊರಲು ಆಗದಷ್ಟೇನೂ ಇರಲಿಕ್ಕಿಲ್ಲ.

ನಿನ್ನ ಅಕ್ಕ

---

ಜೂನ್ ೩೦

ಅಕ್ಕಾ,

ನಕ್ಕೆ. ನಿನಗೆ ಕೇಳಿಸದಿರಲಿ ಎಂದು ಬಾಗಿಲು ಹಾಕಿಕೊಂಡು ನಕ್ಕೆ. ತಪ್ಪು ಹುಡುಕುವುದಕ್ಕೂ ಸಂಬಳವಂತೆ! ನಮ್ಮ ದೊಡ್ಡತ್ತೆ ಜೀವಮಾನವಿಡೀ ಪುಕ್ಕಟೆ ಮಾಡಿಹೋದಳಲ್ಲ, ಈಗ ಬದುಕಿದ್ದರೆ ಆ ಕಂಪನಿಗೆ ಅವಳೇ ಯಜಮಾನಿ.

ನಗು ಬಿಡು. ನೀನು ಓದಲು ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ಕೆಲಸ ನಿನಗೆ ಒಗ್ಗುತ್ತದಾ? ನಿನ್ನ ಕಾಲು ತುಳಿದವರಿಗೂ ನೀನೇ “ಕ್ಷಮಿಸಿ” ಎನ್ನುವವಳು.

ಇಲ್ಲಿ ನಾವಿಬ್ಬರೇ. ನಾನು, ಮತ್ತೆ ಗಾಳಿ-ಮೋಡ ನೋಡಿ ಬರೆದುಕೊಳ್ಳುವ ಸಾಹೇಬ. ನಾನು ಅವನನ್ನು ಮೋಡದವನು ಅಂತಲೇ ಕರೆಯುವುದು. ಅಡುಗೆಮನೆಯ ಶಾಖ ತಗುಲಿದರೆ ಅವನ ಯಂತ್ರಗಳು ಸುಳ್ಳು ಹೇಳುತ್ತವಂತೆ, ಅದಕ್ಕೆ ನನ್ನದು ಅಂಗಳದ ಆಚೆ ತುದಿಯಲ್ಲಿ ಬೇರೆಯೇ ಕೋಣೆ. ಚಳಿಗೆ ಕಿಟಕಿ ಮುಚ್ಚಿಕೊಂಡು ಒಳಗಿರುತ್ತೇನೆ. ಊಟದ ಹೊತ್ತಿಗೆ ತೆಗೆದು ತಟ್ಟೆ ಕೊಡುತ್ತೇನೆ, ಅವನು ತೆಗೆದುಕೊಂಡು ಹೋಗುತ್ತಾನೆ. ಹೋದ ತಿಂಗಳು ಜ್ವರ, ನೆಗಡಿ ಬಂದು ಮಲಗಿಬಿಟ್ಟಿದ್ದೆ. ಈಗ ಏನೂ ಇಲ್ಲ.

ಬಿಸ್ಕತ್ತು ಮಾಡಿ ಡಬ್ಬಿಯಲ್ಲಿ ಕಳಿಸಿದ್ದೇನೆ. ಹಾಸ್ಟೆಲ್ ಊಟ ನೆಚ್ಚಿಕೊಂಡು ಸೊರಗಬೇಡ.

ತಮ್ಮ

---

ಜುಲೈ ೧೭

ತಮ್ಮಾ,

ಬಿಸ್ಕತ್ತು ತಲುಪಿತು. ಚೆನ್ನಾಗಿತ್ತು. ಪಕ್ಕದ ಮಂಚದ ಹುಡುಗಿಯೂ ಒಂದು ತಿಂದಳು. “ಚೆನ್ನಾಗಿದೆ ಆಂಟಿ” ಎಂದು ಒಂದು ಚೊಂಬು ನೀರು ಕುಡಿದಳು. ಈ ಊರಿನ ಸೆಕೆ ಹಾಗಿದೆ.

ಆಂಟಿ ಬೇಡ, ಅಕ್ಕ ಅನ್ನು ಎಂದು ಅವಳಿಗೆ ಹೇಳಿ ಸಾಕಾಯಿತು. “ಸರಿ ಆಂಟಿ” ಎನ್ನುತ್ತಾಳೆ.

ನಮ್ಮ ಮೇಷ್ಟ್ರು ಎಳೆ ವಯಸ್ಸಿನವರು. ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿದೆ. ಆದರೆ ಪಾಠ ಗಟ್ಟಿ. ತಪ್ಪು ಕಂಡರೆ ಮೂರೇ ಮಾತು ಬರೆಯಬೇಕಂತೆ: ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. “ಬಹುಶಃ ಬೇಡ, ನನಗನ್ನಿಸುತ್ತೆ ಬೇಡ, ಕ್ಷಮಿಸಿ ಅಂತೂ ಬೇಡವೇ ಬೇಡ” ಎಂದು ನನ್ನ ಕಡೆಯೇ ನೋಡಿಕೊಂಡು ಹೇಳಿದರು.

ನನಗೊಂದು ಅನುಮಾನ ಕಾಡುತ್ತಿತ್ತು, ಕೇಳಿಯೇಬಿಟ್ಟೆ. “ಸರ್, ಯಾರೋ ಕಷ್ಟಪಟ್ಟು ಮಾಡಿದ್ದರಲ್ಲಿ ಹುಳುಕು ಹುಡುಕೋದು ಪಾಪ ಅಲ್ವಾ?”

ತರಗತಿಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. “ನಾಳೆ ಅದೇ ಪ್ರೋಗ್ರಾಂನಲ್ಲಿ ಯಾರೋ ಆಂಬುಲೆನ್ಸ್ ಕರೀತಾರೆ ಅಂದ್ಕೊಳ್ಳಿ ಅಮ್ಮ. ತಪ್ಪು ಕಂಡೂ ನೀವು ಸುಮ್ಮನಿದ್ರೆ ಪುಣ್ಯ ಬರುತ್ತಾ?”

ಆ ಮಾತು ಹಿಡಿಸಿತು. ಆವತ್ತಿನಿಂದ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಲ್ಯಾಬಿಗೆ ಎಲ್ಲರಿಗಿಂತ ಮೊದಲೇ ಹೋಗಿ ಕೂರುತ್ತೇನೆ. ಆ ಚಕ್ರ ತಿರುಗುವಾಗ ಒಳಗೆ ಏನಾಗುತ್ತದೆ ಎಂದೂ ಗೊತ್ತಾಯಿತು. ಯೋಚನೆಯೂ ಇಲ್ಲ, ಮಣ್ಣೂ ಇಲ್ಲ. ಯಾವುದೋ ದೂರದ ಯಂತ್ರಕ್ಕೆ ಒಂದು ಪ್ರಶ್ನೆ ಕಳಿಸಿ ಉತ್ತರ ಬರಲಿ ಎಂದು ಕಾಯುತ್ತಿರುತ್ತದೆ, ಅಷ್ಟೇ. ನಾನು ನಿನ್ನ ಕಾಗದಕ್ಕೆ ಕಾದ ಹಾಗೆ.

ಅಕ್ಕ

---

ಆಗಸ್ಟ್ ೫

ಅಕ್ಕಾ,

ಮೋಡದವನ ಮೇಲೆ ಸಿಟ್ಟು ಬಂದಿದೆ, ನಿನ್ನ ಹತ್ತಿರ ಹೇಳಿಕೊಂಡು ಹಗುರಾಗುತ್ತೇನೆ. ಮೊನ್ನೆ ತಟ್ಟೆ ತೆಗೆದುಕೊಳ್ಳಲು ಬಂದವನು ಮೂಗು ಮುರಿದು, “ಏನಯ್ಯ, ನಿನ್ನ ಅಡುಗೆಮನೆ ಯಾಕೋ ಒಂಥರಾ ನಾತ” ಅಂದ. ನನ್ನ ಅಡುಗೆಮನೆ! ನೆಲ ನೆಕ್ಕುವಷ್ಟು ಚೊಕ್ಕಟವಾಗಿ ಇಟ್ಟುಕೊಂಡವನು ನಾನು. ಒಂದು ಮಧ್ಯಾಹ್ನವಿಡೀ ಸೋಪು ಹಾಕಿ ಗೋಡೆ, ಕಟ್ಟೆ, ಮೋರಿ ಎಲ್ಲ ತಿಕ್ಕಿದೆ. ಒಳಗೆ ನಿಂತು ಉದ್ದಕ್ಕೆ ಉಸಿರೆಳೆದು ನೋಡಿದೆ. ಏನೆಂದರೆ ಏನೂ ಇಲ್ಲ. ಅವನಿಗೆ ಗುಡ್ಡದ ಗಾಳಿ ಕುಡಿದು ಕುಡಿದು ಮೂಗು ಕೆಟ್ಟಿರಬೇಕು. ನಾಲ್ಕು ದಿನದಿಂದ ಅವನ ಹತ್ತಿರ ಮಾತಿಲ್ಲ. ಇಬ್ಬರೇ ಇರುವಲ್ಲಿ ಮಾತು ಬಿಡುವುದು ಎಷ್ಟು ಕಷ್ಟ ಗೊತ್ತಾ? ಯಾರ ಜೊತೆ ಮಾತು ಬಿಟ್ಟಿದ್ದೇನೆ ಎಂದು ಹೇಳಿಕೊಳ್ಳಲೂ ಜನ ಇಲ್ಲ.

ಬಿಸ್ಕತ್ತು ಚೆನ್ನಾಗಿತ್ತು ಎಂದು ಬರೆದೆಯಲ್ಲ, ಅದನ್ನು ಎರಡೆರಡು ಸಲ ಓದಿದೆ. ಈಚೆಗೆ ಆ ಮಾತು ನನಗೆ ಬೇಕಾಗಿತ್ತು.

ಪರೀಕ್ಷೆಗೆ ಧೈರ್ಯವಾಗಿ ಹೋಗು.

ತಮ್ಮ

---

ಆಗಸ್ಟ್ ೨೭

ತಮ್ಮಾ,

ಅವಸರದಲ್ಲಿ ಎರಡು ಸಾಲು. ಪರೀಕ್ಷೆ ಆಯಿತು. ಬಸ್ಸಿನ ಟಿಕೆಟ್ ಕಾಯ್ದಿರಿಸುವ ಒಂದು ಪ್ರೋಗ್ರಾಂ ಕೊಟ್ಟಿದ್ದರು. ದೇವರ ದಯೆಯಿಂದ ತಪ್ಪೇ ಇರಲಿಲ್ಲ. “ಎಲ್ಲ ಸರಿಯಾಗಿದೆ” ಎಂದು ಬರೆದು ಎಲ್ಲರಿಗಿಂತ ಮೊದಲು ಎದ್ದುಬಂದೆ. ಹುಡುಗರು ಇನ್ನೂ ಬೆವರುತ್ತ ಕೂತಿದ್ದರು. ಕಂಪನಿಗೆ ಹೋಗಲು ಒಂದು ಒಳ್ಳೆಯ ಚಪ್ಪಲಿ ನೋಡಿಟ್ಟಿದ್ದೇನೆ.

ಮೋಡದವನ ಹತ್ತಿರ ಮಾತಾಡು. ಜಗಳ ಆಡಿಯಾದರೂ ಮಾತಾಡು.

ಅಕ್ಕ

---

ಸೆಪ್ಟೆಂಬರ್ ೧೦

ತಮ್ಮಾ,

ಸೊನ್ನೆ ಬಂದಿದೆ. ಕಡಿಮೆ ಅಂಕ ಅಲ್ಲ, ದುಂಡಗಿನ ಸೊನ್ನೆ.

ಮೇಷ್ಟ್ರು ಕರೆದು ಕೂರಿಸಿದರು. ಆ ಪ್ರೋಗ್ರಾಮಿನಲ್ಲಿ ಅವರೇ ಬೇಕೆಂದು ತಪ್ಪುಗಳನ್ನು ಬಚ್ಚಿಟ್ಟಿದ್ದರಂತೆ. ನಾನು ಕೀಲಿ ಒತ್ತಿದ್ದೆಲ್ಲ ಯಂತ್ರದಲ್ಲಿ ದಾಖಲಾಗಿತ್ತು. ಅದನ್ನು ನನ್ನ ಮುಂದೆ ಓಡಿಸಿ ಕೇಳಿದರು.

“ಇಲ್ಲಿ ನಾಲ್ಕು ಜನಕ್ಕೆ ಟಿಕೆಟ್ ಕೇಳಿದ್ರಿ, ಮೂರೇ ಬಂತು. ನೋಡಿದ್ರಾ?”

“ನೋಡಿದೆ ಸರ್. ನಾನೇ ಮೂರು ಒತ್ತಿರಬೇಕು ಅಂದ್ಕೊಂಡೆ. ಮತ್ತೆ ಒತ್ತಿದೆ.”

“ಮತ್ತೂ ಮೂರೇ ಬಂತು.”

“ಅದಕ್ಕೆ ಇನ್ನೊಂದು ಬೇರೆ ತಗೊಂಡೆ ಸರ್.”

“ಇಲ್ಲಿ ಬರೆದಿದ್ದೆಲ್ಲ ಅಳಿಸಿಹೋಯ್ತು?”

“ನನ್ನ ಬೆರಳು ಎಲ್ಲೋ ತಗುಲಿರಬೇಕು ಅಂತ ಪೂರ್ತಿ ಮತ್ತೆ ಬರೆದೆ.”

ಒಂದನ್ನೂ ಬಿಟ್ಟಿಲ್ಲ ತಮ್ಮ. ಬಚ್ಚಿಟ್ಟ ತಪ್ಪುಗಳೆಲ್ಲ ನನ್ನ ಕೈಗೆ ಸಿಕ್ಕಿದ್ದವು. ಒಂದೊಂದನ್ನೂ “ಅದು ನನ್ನ ಕೈತಪ್ಪೇ ಇರಬೇಕು” ಎಂದು ನನ್ನ ಲೆಕ್ಕಕ್ಕೆ ಹಾಕಿಕೊಂಡು, ಸುತ್ತುದಾರಿ ಹಿಡಿದು, ಟಿಕೆಟ್ ಪಡೆದೇಬಿಟ್ಟೆ. ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. “ನನ್ನ ಪ್ರೋಗ್ರಾಂ ಬಗ್ಗೆ ಇಷ್ಟು ಕರುಣೆ ಯಾರೂ ತೋರಿಸಿರಲಿಲ್ಲ ಅಮ್ಮ” ಎಂದರು.

ಆಮೇಲೆ ಕೂತು ಯೋಚಿಸಿದೆ. ಕೌಂಟರಿನಲ್ಲಿ ನಾನು ಮಾಡಿದ್ದು ಅದೇ ಕೆಲಸ ಅಲ್ಲವೇ? ಡಾಕ್ಟರ್ ತಡವಾಗಿ ಬಂದರೆ ಕ್ಷಮಿಸಿ. ಲಿಫ್ಟ್ ಕೆಟ್ಟರೆ ಕ್ಷಮಿಸಿ. ಹೊರಗೆ ಮಳೆ ಬಂದರೂ ಕ್ಷಮಿಸಿ. ಬೈಯಲು ಬಂದವರಿಗೆ ಒಬ್ಬರು ಬೇಕಿತ್ತು, ನಾನು ಕೂತಿದ್ದೆ. ಅಷ್ಟು ವರ್ಷದಲ್ಲಿ ಅದು ರಕ್ತಕ್ಕೆ ಇಳಿದಿದೆ.

ನವೆಂಬರಿನಲ್ಲಿ ಕೊನೆಯ ಅವಕಾಶ. ಚಪ್ಪಲಿ ಕೊಳ್ಳಲಿಲ್ಲ.

ಅಕ್ಕ

---

ಸೆಪ್ಟೆಂಬರ್ ೨೬

ಅಕ್ಕಾ,

ಬಿಟ್ಟು ಬಾ. ಸಿಟ್ಟಾಗಬೇಡ, ನಿಜವಾಗಿ ಹೇಳುತ್ತೇನೆ. ಅಲ್ಲಿ ಮೀಸೆ ಬಾರದವನ ಮುಂದೆ ಸೊನ್ನೆ ತೆಗೆದುಕೊಂಡು ಕೂರುವುದು ಯಾಕೆ? ಇಲ್ಲಿ ಅಡುಗೆಮನೆಗೆ ಒಬ್ಬರು ಸಹಾಯಕರು ಬೇಕೆಂದು ಕೇಳಿದರೆ ಕೊಡುತ್ತಾರೆ. ನನಗೂ ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಯಾಕೆ ಎಂದು ಕೇಳಬೇಡ.

ಇಲ್ಲಿಯದೂ ಹೇಳಿಕೊಳ್ಳುವಂಥದ್ದೇನಿಲ್ಲ. ಸಿಲಿಂಡರ್ ತುಂಬಿ ಕಳಿಸುವವರು ಮೋಸ ಮಾಡುತ್ತಿದ್ದಾರೆ. ಅದೇ ಎರಡು ತಟ್ಟೆ ಅಡುಗೆ, ಆದರೆ ಒಂದಕ್ಕಿಂತ ಒಂದು ಬೇಗ ಖಾಲಿ. ಮೋಡದವನು ಈಗ ಕಿಟಕಿಯ ಹತ್ತಿರವೇ ಸುಳಿಯುವುದಿಲ್ಲ. ತಟ್ಟೆಯನ್ನು ಮೆಟ್ಟಿಲ ಮೇಲಿಡು ಎನ್ನುತ್ತಾನೆ, ಆ ಚಳಿಯಲ್ಲೇ ಕೂತು ತಿನ್ನುತ್ತಾನೆ. ಉಪ್ಪು ಸರಿ ಇದೆಯಾ ಎಂದು ಕೇಳಿದರೆ, “ಇದೆ ಇದೆ” ಎಂದು ಆಕಾಶ ನೋಡುತ್ತಾನೆ. ನನಗಂತೂ ಬೆಳಿಗ್ಗೆಯಿಂದ ತಲೆ ಭಾರ. ಮನಸ್ಸು ಸರಿ ಇಲ್ಲದ್ದಕ್ಕೆ ಇರಬೇಕು.

ಬೇಳೆ ಬೆಂದಾಗ ಈಗ ನೊರೆಯ ಬಣ್ಣ ನೋಡಿ ಇಳಿಸುತ್ತೇನೆ. ಬಣ್ಣ ಸುಳ್ಳು ಹೇಳುವುದಿಲ್ಲ.

ಬರುತ್ತೇನೆ ಎಂದು ಒಂದು ಸಾಲು ಬರೆ. ಕೋಣೆ ಸುಣ್ಣ ಬಳಿಸಿಡುತ್ತೇನೆ.

ತಮ್ಮ

---

ಅಕ್ಟೋಬರ್ ೧೧

ತಮ್ಮಾ,

ಈ ಕಾಗದ ತಲುಪುವ ಹೊತ್ತಿಗೆ ನಿನಗೆ ನನ್ನ ಮೇಲೆ ಸಿಟ್ಟು ಬಂದಾಗಿರುತ್ತದೆ. ಇರಲಿ. ಸಿಟ್ಟು ಮಾಡಿಕೊಳ್ಳಲು ನೀನು ಇರಬೇಕಲ್ಲ, ಅದಕ್ಕೇ ಮಾಡಿದೆ.

ನಿನ್ನ ಕಾಗದ ಇಂದು ಮಧ್ಯಾಹ್ನ ಬಂತು. ಓದಿದೆ. ಏನೋ ಚುಚ್ಚಿತು. ಹಳೆಯ ಕಾಗದಗಳನ್ನೂ ತೆಗೆದು ಹಾಸಿಗೆಯ ಮೇಲೆ ಹರವಿಕೊಂಡೆ. ಮೊದಲೆಲ್ಲ ನೀನು ಘಮ ಹಿಡಿದು ಅಡುಗೆ ಮಾಡುತ್ತಿದ್ದವನು, ಜ್ವರದ ನಂತರ ಒಂದು ಕಾಗದದಲ್ಲೂ ಘಮ ಬಂತೆಂಬ ಮಾತಿಲ್ಲ. ಬರೀ ಬಣ್ಣ.

ಆ ಬಿಸ್ಕತ್ತಿನ ನಿಜ ಈಗ ಹೇಳುತ್ತೇನೆ. ಬಾಯಿಗಿಟ್ಟರೆ ಬರೀ ಉಪ್ಪು. ಸಕ್ಕರೆಯ ಜಾಗದಲ್ಲೂ ಉಪ್ಪೇ. ನನ್ನ ನಾಲಿಗೆಯೇ ಕೆಟ್ಟಿರಬೇಕು ಎಂದುಕೊಂಡು ಚೆನ್ನಾಗಿತ್ತು ಎಂದು ಬರೆದೆ. ಬಸ್ ಟಿಕೆಟಿಗೆ ಮಾಡಿದ್ದನ್ನೇ ನಿನಗೂ ಮಾಡಿದ್ದೆ.

ಮೋಡದವನು ನಾತ ಎನ್ನುತ್ತಾನೆ, ನಿನಗೆ ಏನೂ ಇಲ್ಲ. ಸಿಲಿಂಡರ್ ಬೇಗ ಖಾಲಿ. ಮುಚ್ಚಿದ ಕೋಣೆ. ತಲೆ ಭಾರ. ಹಾಸ್ಟೆಲ್ ಆಫೀಸಿಗೆ ಓಡಿ, ಗುಡ್ಡದ ಕೆಳಗಿನ ನಿಮ್ಮ ಕಚೇರಿಗೆ ಫೋನು ಹಚ್ಚಿದೆ. ದಿನಾ ನಿಮ್ಮ ಜೊತೆ ವೈರ್‌ಲೆಸ್‌ನಲ್ಲಿ ಮಾತಾಡುವವರು ಅವರೇ ತಾನೆ. ಒಬ್ಬ ಗುಮಾಸ್ತ ಎತ್ತಿದ.

“ಮೇಲಿನ ಅಡುಗೆಯವನ ಅಕ್ಕ ನಾನು. ಅಲ್ಲಿ ಅಡುಗೆಮನೇಲಿ ಗ್ಯಾಸ್ ಸೋರ್ತಿದೆ. ಈಗಲೇ ಹೇಳಿ, ಬೆಂಕಿ ಹಚ್ಚೋದು ಬೇಡ, ಹೊರಗೆ ಬರ್ಲಿ.”

“ನೀವು ಅಲ್ಲಿದ್ದೀರಾ ಅಮ್ಮ?”

“ಇಲ್ಲ.”

“ಮತ್ತೆ ಹೇಗೆ ಗೊತ್ತಾಯ್ತು?”

“ಕಾಗದದಿಂದ.”

ಅವನು ನಕ್ಕ. “ಕಾಗದದಲ್ಲಿ ಗ್ಯಾಸ್ ವಾಸನೆ ಬಂತಾ?”

ನನ್ನ ನಾಲಿಗೆಯ ತುದಿಗೆ ಬಂದಿತ್ತು ತಮ್ಮ: ಕ್ಷಮಿಸಿ, ನನ್ನದೇ ತಪ್ಪು ತಿಳಿವಳಿಕೆ ಇರಬೇಕು, ತೊಂದರೆ ಕೊಟ್ಟೆ. ಫೋನು ಇಡಲು ಕೈಯೂ ಬಗ್ಗಿತ್ತು. ದೇವರೇ ಎಂದು ಕಣ್ಣು ಮುಚ್ಚಿ, ಮೇಷ್ಟ್ರು ಹೇಳಿಕೊಟ್ಟ ಹಾಗೆ ಹೇಳಿದೆ.

“ನಾನು ನಾಲ್ಕು ತಿಂಗಳ ಕಾಗದ ಓದಿದೆ. ಅಡುಗೆ ಹೆಚ್ಚಾಗಿಲ್ಲ ಅಂದ್ರೆ ಸಿಲಿಂಡರ್ ಅಷ್ಟೇ ದಿನ ಬರ್ಬೇಕಿತ್ತು. ಬೇಗ ಬೇಗ ಖಾಲಿ ಆಗ್ತಿದೆ. ಇನ್ನೊಬ್ಬರಿಗೆ ವಾಸನೆ ಬರ್ತಿದೆ, ನನ್ನ ತಮ್ಮನಿಗೆ ಬರ್ತಿಲ್ಲ. ಅವನಿಗೆ ಮೂಗು ಹೋಗಿದೆ, ಅವನು ಹೇಳ್ತಿಲ್ಲ. ನೀವು ಈಗ ಹೇಳ್ತೀರೋ, ನಾನು ನಿಮ್ಮ ಮೇಲಿನವರಿಗೆ ಫೋನ್ ಮಾಡ್ಲೋ?”

“ಇರಿ, ಇಡಬೇಡಿ” ಎಂದ, ಕುರ್ಚಿ ಎಳೆದ ಸದ್ದು ಕೇಳಿತು. ಅವನು ನಿಮ್ಮನ್ನು ಕರೆಯುವುದೂ, ಮೋಡದವನು “ಹೂಂ, ಹೇಳಿ” ಎನ್ನುವುದೂ ನನಗೆ ಕೇಳಿಸಿತು. ಅಷ್ಟು ಕೇಳಿಸಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಇದು ತಪ್ಪಾಗಿದ್ದರೆ ಬೈ. ಆದರೆ ಬೈದು ಕಾಗದ ಬರೆ.

ಅಕ್ಕ

---

ಅಕ್ಟೋಬರ್ ೧೪

ಅಕ್ಕನಿಗೆ,

ಕ್ಷೇಮ. ಗ್ಯಾಸ್ ಸೋರುತ್ತಿದ್ದದ್ದು ನಿಜ.

ಅದನ್ನು ನನಗೆ ಬರೆಯಬಹುದಿತ್ತು. ಅಡುಗೆಯವನಿಗೆ ಮೂಗಿಲ್ಲ ಎಂದು ಈಗ ಕಚೇರಿಗೆಲ್ಲ ಗೊತ್ತು.

ತಮ್ಮ

---

ಅಕ್ಟೋಬರ್ ೩೧

ಅಕ್ಕಾ,

ಹೋದ ಜೀಪಿನಲ್ಲಿ ಬಂದ ನನ್ನ ಕಾಗದವನ್ನು ಒಲೆಗೆ ಹಾಕು. ಬರೆದ ಮರುದಿನವೇ ಹಿಂದಕ್ಕೆ ಕೊಡು ಎಂದು ಕೇಳಬೇಕೆನಿಸಿತು, ಜೀಪು ಇಳಿದುಹೋಗಿತ್ತು.

ನಿನ್ನ ಕಾಗದ ಬರುವ ತನಕ ಕಾಯುವ ಹಾಗೇ ಇರಲಿಲ್ಲವಂತೆ. ಪರೀಕ್ಷೆ ಮಾಡಲು ಬಂದವನು ಒಲೆಯ ಹಿಂದಿನ ಪೈಪನ್ನು ಕೈಯಲ್ಲಿ ಹಿಡಿದು ತೋರಿಸಿದ. ಸಂದಿಯಲ್ಲಿ ಬಿರಿದಿತ್ತು. ಇಲಿ ಕಚ್ಚಿದ್ದೋ, ಹಳತಾದದ್ದೋ. ನಿನ್ನ ಫೋನು ಬಂದಾಗ ನಾನು ಸಂಜೆಯ ಚಹಾಕ್ಕೆ ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಿದ್ದೆ. ಮೋಡದವನು ಅಂಗಳದಲ್ಲಿ ಓಡಿಬಂದು, ಅವನ ಆ ದೊಡ್ಡ ದೇಹ ಹೊತ್ತುಕೊಂಡು ಓಡಿದ್ದು ನಾನು ಅದೇ ಮೊದಲು ನೋಡಿದ್ದು, ಕಿಟಕಿ ತಳ್ಳಿ ಕೈ ಹಾಕಿ ಕಸಿದುಕೊಂಡ.

ಜ್ವರ ಬಿಟ್ಟ ದಿನದಿಂದ ನನಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಯಾರಿಗೂ ಹೇಳಲಿಲ್ಲ. ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ನಿನ್ನನ್ನು ಇಲ್ಲಿಗೆ ಕರೆದದ್ದೂ ಅದಕ್ಕೇ. ನಿನ್ನ ಸೊನ್ನೆ ನೋಡಿ ಮರುಕಪಟ್ಟೆ ಎಂದುಕೊಂಡಿರಬೇಡ. ನನಗೆ ರುಚಿ ನೋಡಿ ಹೇಳುವ ನಾಲಿಗೆ ಒಂದು ಬೇಕಿತ್ತು.

ಮೋಡದವನನ್ನು ಕೇಳಿದೆ. “ಇಷ್ಟು ದಿನ ಆ ಉಪ್ಪಿನ ಗುಡ್ಡೆ ತಿಂದೆಯಲ್ಲ ಸಾಹೇಬ, ಒಂದು ಮಾತು ಹೇಳಬಾರದಿತ್ತಾ?”

“ನಾತ ಅಂದಿದ್ದಕ್ಕೇ ನಾಲ್ಕು ದಿನ ಮಾತು ಬಿಟ್ಟೆ. ಉಪ್ಪು ಅಂದಿದ್ರೆ ಅನ್ನ ಬಿಡ್ಸಿರ್ತಿದ್ದೆ” ಎಂದ.

ಕೆಲಸದಿಂದ ತೆಗೆಯಲಿಲ್ಲ ಅಕ್ಕ. ಗ್ಯಾಸ್ ಸೋರಿದರೆ ಕೂಗುವ ಯಂತ್ರ ಗೋಡೆಗೆ ಹಾಕಿದ್ದಾರೆ. ರುಚಿ ನೋಡುವ ಕೆಲಸ ಮೋಡದವನದು. ಈಗ ಚಮಚ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿರುತ್ತಾನೆ, ಬೇಡವೆಂದರೂ ಹೋಗುವುದಿಲ್ಲ. ಡಾಕ್ಟರ್ ನೋಡಿದರು. ಮೂಗು ನಿಧಾನವಾಗಿ ಮರಳಬಹುದು, ಮರಳದೆಯೂ ಇರಬಹುದು ಎಂದರು.

ನೀನು ಬರಬೇಡ. ಪರೀಕ್ಷೆ ಬರೆ. ಅಲ್ಲಿ ಕೂತು ನನ್ನ ಅಡುಗೆಮನೆಯ ಪೈಪು ಕಂಡವಳು ನೀನು, ಎದುರಿಗಿಟ್ಟ ಪ್ರೋಗ್ರಾಂ ಕಾಣದಾ?

ತಮ್ಮ

---

ನವೆಂಬರ್ ೨೧

ತಮ್ಮಾ,

ಪಾಸಾದೆ.

ಈ ಸಲ ವಸತಿಗೃಹದಲ್ಲಿ ಕೋಣೆ ಕಾಯ್ದಿರಿಸುವ ಪ್ರೋಗ್ರಾಂ. ಇಬ್ಬರಿಗೆ ಕೋಣೆ ಕೇಳಿದರೆ ಒಂದೇ ಹಾಸಿಗೆ ತೋರಿಸಿತು. ನನ್ನ ಬೆರಳನ್ನು ನೋಡಿಕೊಂಡೆ. ಬೆರಳು ಸರಿಯಾಗಿತ್ತು. ಇನ್ನೊಮ್ಮೆ ಒತ್ತಿದೆ, ಮತ್ತೂ ಒಂದೇ. ಬರೆದೆ. ಮೊದಲನೆಯದನ್ನು ಬರೆಯುವಾಗ ಯಾರದೋ ಚಾಡಿ ಹೇಳಿದ ಹಾಗೆ ಅನ್ನಿಸಿತು. ಎರಡನೆಯದಕ್ಕೆ ಅಷ್ಟಿಲ್ಲ. ಆಮೇಲಾಮೇಲೆ ಮುಂದಿನದು ಎಲ್ಲಿ ಅಡಗಿದೆಯೋ ಎಂದು ಕುತೂಹಲವೇ ಹಿಡಿದುಬಿಟ್ಟಿತು; ಗಂಟೆ ಹೊಡೆದರೂ ಏಳುವ ಮನಸ್ಸಿಲ್ಲ. ಮೇಷ್ಟ್ರು ಬಂದು, “ಅಮ್ಮ, ಇನ್ನು ಸಾಕು, ನನ್ನ ಮರ್ಯಾದೆ ಸ್ವಲ್ಪ ಉಳಿಸಿ” ಎಂದರು.

ಅವರು ಬಚ್ಚಿಟ್ಟದ್ದರಲ್ಲಿ ಒಂದೆರಡು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಇರಲಿ, ಕಲಿಯುತ್ತೇನೆ. ಕಂಪನಿಯವರು ಸೋಮವಾರ ಬರಲು ಹೇಳಿದ್ದಾರೆ. ಮೊದಲು ಒಂದು ತಿಂಗಳು ಬೇರೆಯವರ ಪಕ್ಕದಲ್ಲಿ ಕೂತು ನೋಡಬೇಕಂತೆ. ಎಲ್ಲರೂ ಚಿಕ್ಕವರು. ಆಂಟಿ ಎಂದೇ ಕರೆಯುತ್ತಾರೆ, ಅಕ್ಕ ಎನ್ನಿಸಿಕೊಳ್ಳುವ ಆಸೆ ಬಿಟ್ಟಿದ್ದೇನೆ.

ಉತ್ತರಪತ್ರಿಕೆ ಕೈಗೆ ಕೊಟ್ಟಾಗ ಒಂದು ಕಡೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. “ಹೆಸರನ್ನು ಸಣ್ಣಕ್ಷರದಲ್ಲಿ ಬರೆದೆ. ಸಣ್ಣಕ್ಷರದಲ್ಲೇ ಬರಬೇಕಿತ್ತು. ಎಲ್ಲ ದೊಡ್ಡಕ್ಷರ ಬಂತು” ಎಂದು ನಾನು ಬಹಳ ಗತ್ತಿನಿಂದ ಬರೆದಿದ್ದೆ. ಮೇಷ್ಟ್ರು ಪಕ್ಕದಲ್ಲಿ ಬರೆದಿದ್ದರು: “ಕ್ಯಾಪ್ಸ್ ಲಾಕ್ ಒತ್ತಿದ್ದೀರಿ. ಇದು ಮಾತ್ರ ನಿಮ್ಮದೇ.”

ಓದಿ ಕಾರಿಡಾರಿನಲ್ಲೇ ನಿಂತು ನಕ್ಕೆ ತಮ್ಮ. ಹೋಗುವವರೆಲ್ಲ ತಿರುಗಿ ನೋಡಿದರು. ಸೊನ್ನೆ ಬಂದ ದಿನ ಅಳು ಬಂದಿರಲಿಲ್ಲ, ಈಗ ನಗುತ್ತ ನಗುತ್ತ ಕಣ್ಣು ಒದ್ದೆಯಾಯಿತು.

ಸಂಜೆ ಮುಖ ತೊಳೆದು ದೇವರ ಮುಂದೆ ಕೂತೆ. ದಿನವೂ ಊರಿನ ತಪ್ಪನ್ನೆಲ್ಲ ಹೊತ್ತು ತಂದು ಅವನ ಪಾದಕ್ಕೆ ಸುರಿದು ಕ್ಷಮಿಸು ಎನ್ನುವವಳು ನಾನು. ಇವತ್ತು ಆ ಕ್ಯಾಪ್ಸ್ ಲಾಕಿನದೊಂದನ್ನೇ ಹೇಳಿದೆ. ಉಳಿದದ್ದು ನನ್ನದಲ್ಲ ದೇವರೇ, ಯಾವುದು ಎಲ್ಲಿದೆ ಎಂದು ಬರೆದುಕೊಟ್ಟು ಬಂದಿದ್ದೇನೆ ಎಂದೆ.

ಪ್ರಾರ್ಥನೆ ಎಷ್ಟು ಬೇಗ ಮುಗಿಯಿತೆಂದರೆ, ಇನ್ನೇನು ಮಾಡುವುದೆಂದು ತೋಚದೆ ಸ್ವಲ್ಪ ಹೊತ್ತು ಅಲ್ಲೇ ಸುಮ್ಮನೆ ಕೂತಿದ್ದೆ.

ಅಕ್ಕ